ಕಿಕ್ ಇಲ್ಲದ ಗಾಡಿ

ನಮ್ಮ ಬೀದಿ ಕೊನೇ ಮನೇಲಿ, ಕೆಳಗಡೆ, ಒಬ್ಬ ಮೇಸ್ತ್ರಿ ಇದ್ದಾರೆ. ತಲೇಲಿ ಹುಡುಕಿದ್ರೂ ಒಂದೆಳೆ ಕೂದಲಿಲ್ಲ, ಆದ್ರೆ ಎಲ್ರೂ ಕರೆಯೋದು ಕೂದಲೆಳೆ ಮೇಸ್ತ್ರಿ ಅಂತ. ಮೂವತ್ತೆಂಟು ವರ್ಷ ಕಾರ್ಖಾನೇಲಿ ಲೇತ್ ಮುಂದೆ ನಿಂತವರು. ಯಾರ್ ಏನೇ ಕಡೆದು ತಂದ್ರೂ ಬೆರಳಲ್ಲಿ ಸವರಿ, "ಒಂದ್ ಕೂದಲೆಳೆಯಷ್ಟು ಜಾಸ್ತಿ ಆಯ್ತಲ್ಲಪ್ಪಾ" ಅಂತ ವಾಪಸ್ ಕಳಿಸೋರು. ಮದುವೆ ವಿಷಯದಲ್ಲೂ ಇದೇ ಅಳತೆ ಹಿಡಿದು ಕೂತ್ರೋ ಏನೋ, ಒಂಟಿಯಾಗೇ ಉಳಿದ್ರು.

ಮೇಲಿನ ಮನೇಲಿ ಅವರಕ್ಕ. ಹೆರಿಗೆ ವಾರ್ಡಲ್ಲಿ ನರ್ಸಾಗಿದ್ದು ರಿಟೈರಾದವರು, ಗಂಡ ತೀರ್ಕೊಂಡ ಮೇಲೆ ಇಲ್ಲಿಗೇ ಬಂದ್ರು. ಇಬ್ಬರ ಮಧ್ಯೆ ಇರೋದು ಹದಿನಾಲ್ಕೇ ಮೆಟ್ಟಿಲು. ಮಾತು ಮಾತ್ರ ಮೂರು ವರ್ಷದಿಂದ ಇಲ್ಲ.

ಎಲ್ಲಾ ಆ ಗಾಡಿಯಿಂದ. ಗುಜರೀಲಿ ಸಿಕ್ಕ ಹಳೇ ಬ್ರಿಟಿಷ್ ರೇಸ್ ಬೈಕು. ಬೈಕು ಅನ್ನೋದಕ್ಕಿಂತ ಬೈಕಿನ ಮೂಳೆ ಅನ್ನಿ. ತುಕ್ಕು ಹಿಡಿದ ಫ್ರೇಮು, ಸೀಳು ಬಿಟ್ಟ ಇಂಜಿನ್ನು, ಇಲಿ ಮರಿ ಹಾಕಿದ್ದ ಟ್ಯಾಂಕು. ಒಂಬತ್ತು ವರ್ಷ ಷೆಡ್ಡಲ್ಲಿ ಕೂತು ಅದನ್ನ ಎಬ್ಬಿಸಿದ್ರು. ಅದರ ಬೋಲ್ಟಿಗೆ ಅಂಗಡಿ ಸ್ಪ್ಯಾನರ್ ಯಾವುದೂ ಕೂರ್ತಿರ್ಲಿಲ್ಲ, ಸ್ಪ್ಯಾನರನ್ನೇ ಕಡೆದ್ಕೊಂಡ್ರು. ಚೈನನ್ನ ಗ್ರೀಸಲ್ಲಿ ಕುದಿಸಿದ್ರೇನೇ ಗ್ರೀಸು ಕೊಂಡಿ ಕೊಂಡಿಗೂ ಇಳಿಯೋದು. ಅಕ್ಕ ಊರಲ್ಲಿಲ್ಲದ ದಿನ ಮೇಲೆ ಹೋಗಿ, ತಳ ದಪ್ಪ ಇದೆ ಅಂತ ಒಂದು ಪಾತ್ರೆ ಎತ್ಕೊಂಡ್ ಬಂದು ಕುದಿಸಿಯೇ ಬಿಟ್ರು. ಅದು ಅವರಮ್ಮ ಹಾಲು ಕಾಯಿಸ್ತಿದ್ದ ಪಾತ್ರೆ. ತಿಕ್ಕಿ ತೊಳೆದು ಇದ್ದ ಜಾಗದಲ್ಲೇ ಇಟ್ರು. ಮಾರನೇ ದಿನ ಅಕ್ಕ ಹಾಲು ಕಾಯಿಸಿದ್ರೆ, ಕೆನೆ ಬದಲು ಕಪ್ಪಗೆ ಏನೋ ತೇಲ್ತು. ಆವತ್ತೇ ಮಾತು ಬಂದ್.

ಹೋದ ತಿಂಗಳು ಮೇಸ್ತ್ರಿ ಕಿವಿ ಡಾಕ್ಟರ್ ಹತ್ರ ಹೋಗಿದ್ರು. "ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀನೂ ಹೊರಡೋಕೆ ಚಪ್ಪಲಿ ಹಾಕ್ಕೊಂಡು ನಿಂತಿದೆ. ಜೊತೇಲಿ ಯಾರ್ ಬಂದಿದ್ದಾರೆ?" ಅಂದ್ರು ಡಾಕ್ಟರು.

"ಹೊರಗಡೆ ಕೂತಿದ್ದಾರೆ" ಅಂತ ಸುಳ್ಳು ಹೇಳಿ ಮೇಸ್ತ್ರಿ ಎದ್ದು ಬಂದ್ರು. ಯಾರಿಗೂ ಹೇಳ್ಲಿಲ್ಲ. ದಾರಿಯುದ್ದಕ್ಕೂ ತಲೇಲಿದ್ದದ್ದು ಒಂದೇ. ಒಂಬತ್ತು ವರ್ಷದಲ್ಲಿ ಆ ಇಂಜಿನ್ನಿನ ಸದ್ದು ಒಂದ್ ಸಲಾನೂ ಕೇಳಿಲ್ಲ. ಕಿವಿ ಇರೋವಾಗ್ಲೇ ಕೇಳ್ಬೇಕು.

ಆಮೇಲೆ ಕೆಲಸ ಓಡ್ತು. ಅಂಥ ಇಂಜಿನ್ನಿಗೆ ಹಾಕೋದು ಹರಳೆಣ್ಣೆ. ಅಂಗಡಿಯವನ ಕಣ್ಣು ಹೊರಗೇ ಬಂತು. "ಐದ್ ಲೀಟರಾ! ಊರಿಗೆಲ್ಲಾ ಹೊಟ್ಟೆ ಕಟ್ಟಿದ್ಯಾ ಮೇಸ್ತ್ರೀ?" ಮೇಸ್ತ್ರಿಗೆ ಅರ್ಧ ಕೇಳಿಸ್ತು, ಪೂರ್ತಿ ನಕ್ರು.

ಸಿಕ್ಕಿಹಾಕ್ಕೊಂಡಿದ್ದು ಕೊನೇಲಿ. ಆ ಕಾಲದ ರೇಸ್ ಗಾಡಿಗೆ ಕಿಕ್ಕೇ ಇಲ್ಲ. ತಳ್ಕೊಂಡು ಓಡಿ, ನೆಗೆದು ಹತ್ತಿ, ಕ್ಲಚ್ ಬಿಡ್ಬೇಕು. ಅರವತ್ತಮೂರಾದ ಮೇಸ್ತ್ರಿಗೆ ಒಂದು ಮಂಡಿ ಬಗ್ಗಲ್ಲ. ಮೂರ್ ಸಲ ಓಡಿ ನೋಡಿದ್ರು, ಮೂರನೇ ಸಲ ಗಾಡಿ ಅವರ ಮೇಲೇ ಮಲಗ್ತು. ಬೀದೀಲಿ ಯಾರನ್ನ ಕರೆಯೋದು? ಷೆಡ್ಡಿನ ಬಾಗಿಲಿಗೆ ಬಂದ ಒಬ್ಬೊಬ್ಬರನ್ನೂ "ಮುಟ್ಬೇಡಿ, ಮುಟ್ಬೇಡಿ" ಅಂತ ಗದರಿಸಿ ಓಡಿಸಿದವರು ಅವರೇ.

ಭಾನುವಾರ ಬೆಳಗ್ಗೆ ಆ ಹದಿನಾಲ್ಕು ಮೆಟ್ಟಿಲು ಹತ್ತಿದ್ರು. ಎಡಗಿವಿ ಒಳಗಡೆಗೆ ಬರೋ ಹಾಗೆ, ಬಾಗಿಲಲ್ಲಿ ಓರೆಯಾಗಿ ನಿಂತ್ರು.

"ಅಕ್ಕಾ, ಒಂದ್ ಸಲ ತಳ್ಳಬೇಕು."

ಅಕ್ಕ ಪೇಪರಿಂದ ತಲೆ ಎತ್ತಲಿಲ್ಲ. "ನಿನ್ನನ್ನಾ? ಮೆಟ್ಟಿಲ ಮೇಲೇ ನಿಲ್ಲು, ಬಂದೆ."

"ಗಾಡೀನ. ಅದಕ್ಕೆ ಕಿಕ್ ಇಲ್ಲ."

"ಹಾಕಿಸೋಕೇನು ಧಾಡಿ?"

"ಅಸಲಿಗೆ ಅದಕ್ಕೆ ಇರ್ಲಿಲ್ಲಕ್ಕ."

"ಅಸಲಿಗೆ ಅಮ್ಮನ ಪಾತ್ರೇಲೂ ಗ್ರೀಸ್ ಇರ್ಲಿಲ್ಲ ಕಣೋ." ಪೇಪರ್ ಮಡಚಿದ್ರು. "ಮುಖ ಯಾಕೆ ಆ ಕಡೆ? ನನ್ನ ನೋಡೋಕೂ ಆಗಲ್ವಾ?"

ಮೇಸ್ತ್ರಿ ಬಾಗಿಲ ಚೌಕಟ್ಟನ್ನ ಬೆರಳಲ್ಲಿ ಸವರಿದ್ರು.

"ತಳ್ಳಿದ್ ಮೇಲೆ ನನ್ನೂ ಕೂರಿಸ್ಕೊಂಡು ಹೋಗ್ತೀಯಾ?"

"ಸೀಟು ಒಂದೇ ಇರೋದು."

"ಗೊತ್ತಿತ್ತು ಬಿಡು" ಅಂದ್ಕೊಂಡೇ ಅಕ್ಕ ಚಪ್ಪಲಿ ಮೆಟ್ಟಿದ್ರು.

ಅರವತ್ತೇಳರ ಹೆಂಗಸು, ಸೆರಗು ಸಿಕ್ಕಿಸಿ ಹಿಂದಿಂದ ತಳ್ತಿದ್ರೆ ಬೀದಿಗೆ ಬೀದೀನೇ ಕಿಟಕೀಲಿ. ಎರಡು ಸಲ ಇಂಜಿನ್ನು ಬರೀ ಕೆಮ್ಮಿ ಸುಮ್ಮನಾಯ್ತು. ಅಕ್ಕಂಗೆ ಹೆರಿಗೆ ವಾರ್ಡಿನ ಗಂಟಲು ವಾಪಸ್ ಬಂತು. "ಇನ್ನೊಂದೇ ಸಲ! ಬಂತು, ಬಂದೇ ಬಿಡ್ತು, ಇನ್ನೊಂದೇ ಸಲ!"

ಬಂತು. ತಗಡಿನ ಷೆಡ್ಡನ್ನ ಯಾರೋ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗೆ ಸದ್ದು, ಹಿಂದೆ ಹರಳೆಣ್ಣೆ ಹೊಗೆ. ಮೇಸ್ತ್ರಿ ಎಡಗಿವೀನ ಟ್ಯಾಂಕಿನ ಕಡೆ ಬಗ್ಗಿಸಿಕೊಂಡೇ ಹೋದ್ರು. ಇಂಜಿನ್ನಿನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರ್ಲಿಲ್ಲ. ಬೀದಿ ದಾಟಿದ ಮೇಲೆ "ಕೇಳಿದ್ಯಾ?" ಅಂತ ಹಿಂದಕ್ಕೆ ತಿರುಗಿದ್ರು. ಹಿಂದೆ ಸೀಟೇ ಇಲ್ವಲ್ಲ.

ಹಳೇ ಕಾರ್ಖಾನೆ ಗೇಟಿನ ಮುಂದೆ ಕೆಂಪು ದೀಪ. ಹೇಗೆ ಹೊರಡೋದು ಅಂತ ಅಷ್ಟು ತಲೆ ಕೆಡಿಸ್ಕೊಂಡವರು, ಹೇಗೆ ನಿಲ್ಲಿಸೋದು ಅಂತ ಯೋಚ್ನೇನೇ ಮಾಡಿರ್ಲಿಲ್ಲ. ಬ್ರೇಕ್ ಹಿಡಿದ್ರು, ಇಂಜಿನ್ ಆಫ್. ಸುತ್ತ ನಾಲ್ಕು ಜನ ಫೋನ್ ಎತ್ತಿ ಫೋಟೋ ಹೊಡೆದ್ರು. ಒಬ್ಬ ಬಲಗಡೆ ಬಂದು, "ತಳ್ಳಲಾ ಅಂಕಲ್?" ಅಂತ ಎರಡು ಸಲ ಕೇಳಿದ. ಮೇಸ್ತ್ರಿ ಅಲ್ಲಾಡ್ಲಿಲ್ಲ. "ಭಾರೀ ಜಂಭ" ಅಂದ್ಕೊಂಡು ಹೊರಟೋದ.

ಒಂದೂವರೆ ಕಿಲೋಮೀಟರ್. ಗಾಡೀನ ಒಬ್ಬರೇ ಕುಂಟ್ಕೊಂಡು ತಳ್ಕೊಂಡು ಬಂದ್ರು, ಬಿಸಿಲಲ್ಲಿ.

ಅಕ್ಕ ಗೇಟಲ್ಲೇ ನಿಂತಿದ್ರು. ಒಂದು ಚಪ್ಪಲಿ ಕಾಲಲ್ಲಿ, ಪಟ್ಟಿ ಕಿತ್ತೋದ ಇನ್ನೊಂದು ಕೈಯಲ್ಲಿ. ಗಾಡಿಯ ಆ ಕಡೆಯಿಂದಾನೇ ಶುರು ಹಚ್ಕೊಂಡ್ರು. "ಹತ್ತಿದವನು ಒಂದ್ ಸಲ ತಿರುಗಿ ನೋಡ್ಬಾರ್ದಾ? ಎಷ್ಟ್ ಕೂಗಿದೆ! ಹೋಗ್ಲಿ, ಈಗ್ಲಾದ್ರೂ ಉತ್ತರ ಕೊಡ್ತೀಯಾ? ಕೊಬ್ಬು ಕಣೋ ನಿಂಗೆ!"

ಮೇಸ್ತ್ರಿ ಗಾಡೀನ ಗೋಡೆಗೆ ಒರಗಿಸಿ ತಿರುಗಿದಾಗ ಅಕ್ಕನ ಬಾಯಿ ಅಲ್ಲಾಡ್ತಿರೋದು ಕಾಣಿಸ್ತು. ಎಣ್ಣೆ ಬೆರಳಲ್ಲಿ ಬಲಗಿವಿ ಮುಟ್ಟಿ, ಕೈ ಅಲ್ಲಾಡಿಸಿದ್ರು.

"ಅದು ಹೋಗಿದೆಯಕ್ಕ. ಈ ಕಡೆ ಬಂದು ಹೇಳು."

ಅಕ್ಕ ಕೈಯಲ್ಲಿದ್ದ ಚಪ್ಪಲೀನ ಕೆಳಗೆ ಇಟ್ರು. ಆಮೇಲೆ ಒಂದು ಬರಿಗಾಲಲ್ಲಿ ಸುತ್ತು ಹಾಕಿ, ಎಡಗಡೆ ಬಂದು, ಬೈಗುಳಾನ ಮೊದಲಿಂದ ಶುರು ಮಾಡಿದ್ರು.