ವರ್ನಾಳ ಮಣೆಗಳು

ವರ್ನಾ ಸೂಸಿ ನಾಲ್ಕು ಸಲ ನಿವೃತ್ತಳಾಗಿದ್ದಾಳೆ. ನಾಲ್ಕು ಸಲವೂ ನಾನು ಕೇಕು ತಿಂದಿದ್ದೇನೆ. ಶಾಲೆಯ ಅಡುಗೆಮನೆಯ ಡೊರೀನ್ ಪ್ರತಿ ಸಲವೂ ಹಳದಿ ಬಸ್ಸಿನ ಆಕಾರದ ಕೇಕು ಮಾಡುತ್ತಾಳೆ, ಚಕ್ರದ ಜಾಗಕ್ಕೆ ಚಾಕೊಲೇಟ್ ಬಿಸ್ಕತ್ತು ಅಂಟಿಸುತ್ತಾಳೆ. ಮೊದಲ ಸಲ ತೂಗುಕುರ್ಚಿ ಕೊಟ್ಟೆವು, ಎರಡನೆಯ ಸಲ ಗೋಡೆ ಗಡಿಯಾರ, ಮೂರನೆಯ ಸಲ ಮೀನಿನ ಗಾಳ. ನಾಲ್ಕನೆಯ ಸಲ ಏನು ಕೊಡುವುದೆಂದು ತೋಚದೆ ಇನ್ನೊಂದು ಗಡಿಯಾರವನ್ನೇ ಕೊಟ್ಟೆವು. ಯಾವ ಸಲವೂ ಉಳಿದ ಕೇಕು ಫ್ರಿಜ್ಜಿನಲ್ಲಿ ಹಳಸುವುದಕ್ಕೆ ಮೊದಲೇ ಅವಳು ಮತ್ತೆ ಏಳನೇ ನಂಬರ್ ಬಸ್ಸಿನ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದಳು.

ನಾನು ಗಿಲ್ಮನ್. ಮೇಯ್ನ್ ರಾಜ್ಯದ ಉತ್ತರದ ತುದಿಯಲ್ಲಿ, ಆಲೂಗಡ್ಡೆ ಹೊಲಗಳ ನಡುವೆ ಇರುವ ನಮ್ಮೂರಿನ ಶಾಲಾ ಬಸ್ ಗ್ಯಾರೇಜಿನ ಮೆಕ್ಯಾನಿಕ್. ನನಗೂ ಅರವತ್ತೈದು ದಾಟಿದೆ. ಬೇರೆಯವರ ನಿವೃತ್ತಿಯ ವಿಷಯದಲ್ಲಿ ನನಗೆ ಬಾಯಿ ಜಾಸ್ತಿ. ನನ್ನದರ ಮಾತು ಬಂದರೆ ಬಾನೆಟ್ಟಿನೊಳಗೆ ತಲೆ ತೂರಿಸಿಬಿಡುತ್ತೇನೆ.

ವರ್ನಾ ಕೆಲಸ ಕೇಳಿಕೊಂಡು ಬಂದಾಗ ನಾನು ಗ್ಯಾರೇಜಿಗೆ ಹೊಸಬ. ಆಗ ನಮ್ಮಲ್ಲಿ ಬಸ್ಸು ಓಡಿಸುವ ಹೆಂಗಸರೇ ಇರಲಿಲ್ಲ. ಅವಳೋ ಗಿಡ್ಡಿ, ಬಾಗಿಲ ಚಿಲಕಕ್ಕೂ ಹಿಮ್ಮಡಿ ಎತ್ತಬೇಕು. ಅಂದಿನ ಮೇಲ್ವಿಚಾರಕ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಎಲ್ಲರಿಗೂ ತೋರಿಸಿ ನಕ್ಕ. "ನೋಡ್ರೋ, ಕಾಲೇ ಎಟುಕಲ್ಲ ಇವಳಿಗೆ! ಹೋಗಮ್ಮ, ಆಲೂಗಡ್ಡೆ ಆರಿಸ್ಕೊಂಡಿರು." ವರ್ನಾ ಇಳಿಯಲಿಲ್ಲ. ನನ್ನ ಕಡೆ ತಿರುಗಿ, "ಏ ಹುಡ್ಗ, ಎಟುಕೋ ಹಾಗೆ ಮಾಡಕ್ಕೆ ಬರುತ್ತಾ ನಿಂಗೆ?" ಅಂದಳು. ನಾನು ಮೇಪಲ್ ಮರದ ದಪ್ಪ ತುಂಡುಗಳನ್ನು ಕೊಯ್ದು, ಉಜ್ಜಿ, ಪೆಡಲುಗಳ ಮೇಲೆ ಬೋಲ್ಟು ಹಾಕಿ ಕೂರಿಸಿದೆ. ಗ್ಯಾರೇಜಿನಲ್ಲಿ ಅವಕ್ಕೆ ವರ್ನಾಳ ಮಣೆ ಎಂದೇ ಹೆಸರಾಯಿತು. ಬಸ್ಸು ಹಳತಾಗಿ ಹೊಸತು ಬಂದಾಗಲೆಲ್ಲ ಮಣೆಗಳೂ ಹೊಸ ಬಸ್ಸಿಗೆ ಹೋದವು. ತಪಾಸಣೆಗೆ ಬಂದವರು ಮುಖ ಸಿಂಡರಿಸುತ್ತಿದ್ದರು, ಬೋಲ್ಟು ಅಲ್ಲಾಡಿಸಿ ನೋಡುತ್ತಿದ್ದರು, ಕೊನೆಗೆ ಸಹಿ ಹಾಕುತ್ತಿದ್ದರು.

ಅವಳ ಗಂಡ ಆರ್ಮಂಡ್ ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿದ್ದವನು. ಅವನು ನಿವೃತ್ತನಾದ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಮಧ್ಯಾಹ್ನ ಮನೆಗೆ ಬಂದು ಊಟದ ಡಬ್ಬಿ ತೊಳೆದು ಅಟ್ಟದ ಮೇಲಿಟ್ಟ, ಅಷ್ಟೇ. ಮಾರನೆಯ ದಿನದಿಂದ ಒಲೆಯ ಪಕ್ಕ ಕೂತು ಜಿಗ್ಸಾ ಆಟದ ಚಿತ್ರದ ತುಂಡುಗಳನ್ನು ಜೋಡಿಸುತ್ತಾ ಸುಖವಾಗಿದ್ದಾನೆ. ವರ್ನಾ ಮನೆಯಲ್ಲಿ ಉಳಿದರೆ ಅವನ ಸುಖಕ್ಕೆ ಸಂಚಕಾರ. ಎರಡನೆಯ ನಿವೃತ್ತಿಯಲ್ಲಿ ಅವಳು ಅವನ ಉಪಕರಣಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿಟ್ಟು, ಅವನಿಗೆ ಒಂದು ಸ್ಕ್ರೂಡ್ರೈವರೂ ಸಿಗದಂತೆ ಮಾಡಿದಳು. ಆಗ ಅವನೇ ನನಗೆ ಫೋನ್ ಮಾಡಿದ. "ಗಿಲ್, ದಮ್ಮಯ್ಯ, ಇವಳನ್ನ ವಾಪಸ್ ಕರ್ಕೊಳ್ರೋ. ಬೆಳಿಗ್ಗೆ ಎದ್ದು ಕಿಟಕೀಲಿ ನಿಂತ್ಕೊಂಡು ಬೇರೆಯವ್ರು ಬಸ್ ಓಡ್ಸೋದಕ್ಕೆ ಬೈತಾಳೆ. ನಂಗೆ ಕಾಫಿ ಇಳಿಯಲ್ಲ."

ಒಂದೇ ಮನೆ, ಒಂದೇ ಒಲೆ, ಆದರೂ ಇಬ್ಬರಿಗೂ ಕೆಲಸದ ಅರ್ಥವೇ ಬೇರೆ. ಆರ್ಮಂಡನಿಗೆ ಕೆಲಸವೆಂದರೆ ಹೋಗಿ ಬರುವ ಜಾಗ. ವರ್ನಾಗೆ ಅದು ಕತ್ತಲಲ್ಲಿ, ಹಿಮದಲ್ಲಿ, ಯಾವ ತಿರುವಿನಲ್ಲಿ ಯಾರ ಮಗು ನಿಂತಿದೆ ಎಂಬ ಚಿಂತೆ. ಅವಳಿಗಾಗಿ ಕಾಯುವವರಿದ್ದರು. ಕಾಯುವವರಿಲ್ಲದ ಬೆಳಗು ಹೇಗಿರುತ್ತದೆ ಎಂದು ನಾನು ನನ್ನನ್ನೇ ಕೇಳಿಕೊಳ್ಳಲು ಹೋಗುವುದಿಲ್ಲ. ನನಗೆ ಹೆದರಿಕೆ.

ಈ ವರ್ಷ ಆಲೂಗಡ್ಡೆ ಅಗೆತಕ್ಕೆಂದು ಶಾಲೆಗೆ ಕೊಡುವ ರಜೆ ಮುಗಿದು ಮೊದಲ ಹಿಮ ಬಿದ್ದ ವಾರ. ಸಂಜೆಯ ಪಾಳಿ ಮುಗಿಸಿ ವರ್ನಾ ಬಸ್ಸು ನಿಲ್ಲಿಸಿದಳು. ಎಂದಿನಂತೆ ಹಿಂದಿನ ಸೀಟಿನವರೆಗೂ ಹೋಗಿ ಯಾವ ಮಗುವೂ ನಿದ್ದೆ ಹೋಗಿಲ್ಲವೆಂದು ನೋಡಿದಳು. ಒಳಗೆ ಬಂದು ಬೀಗದ ಕೈಯನ್ನು ಮೊಳೆಗೆ ತಗುಲಿಸಿದಳು.

"ಗಿಲ್, ನಾನು ಬಿಟ್ಟೆ."

"ಏನು ಬಿಟ್ಟೆ? ಸಿಗರೇಟಾ?"

"ಕೆಲ್ಸ ಕಣೋ."

ಮೂರನೇ ನಂಬರ್ ಬಸ್ಸಿನ ಡ್ರೈವರ್ ಡರ್ವುಡ್ ಕಾಫಿ ಚೆಲ್ಲಿಕೊಂಡು ನಕ್ಕ. "ಡೊರೀನ್‌ಗೆ ಹೇಳ್ರೋ, ಹಿಟ್ಟು ಕಲಸ್ಲಿ!"

"ಬೇಡ ಬಿಡು, ಹೋದ ಸಲದ್ದೇ ಒಂದು ಚಕ್ರ ಉಳಿದಿರ್ಬೇಕು," ಅಂದೆ ನಾನು.

ಅವಳೂ ನಕ್ಕಳು. ಬಾಗಿಲಿಗೆ ಹೋದವಳು ತಿರುಗಿ ನಿಂತು, "ಮಣೆ ಬಿಚ್ಚಿಡು ಗಿಲ್," ಅಂದಳು.

"ಎರಡು ವಾರಕ್ಕೆ ಯಾಕೆ ಮಾರಾಯ್ತಿ ಬಿಚ್ಚೋದು, ಮತ್ತೆ ಕಟ್ಟೋದು? ನನ್ನ ಸೊಂಟದ ಗತಿ ಏನು?"

ಹಿಂದಿನ ನಾಲ್ಕು ಸಲವೂ ಅವಳು ಹೋಗುವಾಗ ಹೇಳಿದ್ದು ಬೇರೆ ಮಾತು: "ಮಣೆ ಮುಟ್ಬೇಡ, ಹಾಗೇ ಇರ್ಲಿ." ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ಇಂಜಿನ್ನಿನ ಸಣ್ಣ ಸದ್ದು ಬದಲಾದರೆ ಕಿವಿ ನಿಮಿರುವ ಮನುಷ್ಯ ನಾನು.

ಈ ಸಲ ಕೇಕೂ ಇಲ್ಲ, ಉಡುಗೊರೆಯೂ ಇಲ್ಲ. ಹೇಗೂ ಬರುತ್ತಾಳಲ್ಲ! ಬದಲಿ ಡ್ರೈವರ್ ಸಿಗದೆ ಈಗಿನ ಮೇಲ್ವಿಚಾರಕಿ ಕೆಂಡ್ರಾ ತಾನೇ ಏಳನೇ ಬಸ್ಸು ಓಡಿಸತೊಡಗಿದಳು. ಅವಳು ಉದ್ದನೆಯ ಹೆಂಗಸು. ಪೆಡಲಿನ ಮೇಲೆ ಮಣೆ ಇದ್ದುದರಿಂದ ಸೀಟು ಎಷ್ಟು ಹಿಂದಕ್ಕೆ ತಳ್ಳಿದರೂ ಮಂಡಿ ಸ್ಟೀರಿಂಗಿಗೆ ಬಡಿಯುತ್ತಿತ್ತು. ದಿನಾ ಕುಂಟಿಕೊಂಡು ಇಳಿಯುತ್ತಿದ್ದಳೇ ಹೊರತು ಅವಳೂ ಅದನ್ನು ಬಿಚ್ಚಿಸಲಿಲ್ಲ. ಪ್ರತಿ ಭಾನುವಾರ ಕೆಂಡ್ರಾ ವರ್ನಾಳ ಮನೆಗೆ ಫೋನ್ ಮಾಡುತ್ತಿದ್ದಳು. ಆರ್ಮಂಡ್ ಎತ್ತಿ, ಅವಳಿಗೆ ತಲೆನೋವು, ಅವಳು ಚರ್ಚಿಗೆ ಹೋಗಿದ್ದಾಳೆ, ಅವಳು ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದ. ಒಂದು ತಿಂಗಳಾಯಿತು.

"ಗಿಲ್, ನೀವೇ ಹೋಗಿ ಕರ್ಕೊಂಡ್ ಬನ್ನಿ," ಅಂದಳು ಕೆಂಡ್ರಾ. "ನಿಮ್ಮ ಮಾತು ಕೇಳ್ತಾರೆ."

"ನನ್ನ ಮಾತು ನನ್ನ ನಾಯೀನೂ ಕೇಳಲ್ಲಮ್ಮ," ಅಂದೆ. ಆದರೂ ಶನಿವಾರ ಹೋದೆ.

ಆರ್ಮಂಡ್ ಒಲೆಯ ಮುಂದೆ ನಿಂತು ಪ್ಲೋಯ್ ಹುಯ್ಯುತ್ತಿದ್ದ, ಒಂದೇ ಮಗ್ಗುಲು ಬೇಯಿಸುವ ನಮ್ಮ ಕಡೆಯ ತೆಳುದೋಸೆ. ನನ್ನ ತಟ್ಟೆಗೆ ಎರಡು ಹಾಕಿ, ಬೆಣ್ಣೆ ಮುಂದಿಟ್ಟು, ಒಲೆಯ ಕಡೆ ತಿರುಗಿಕೊಂಡ.

"ಕೆಂಡ್ರಾ ಕಳ್ಸಿದ್ಳಾ?" ಎಂದಳು ಮೇಜಿನ ಆಚೆ ಕೂತಿದ್ದ ವರ್ನಾ.

"ಹೂಂ. ಅವಳ ಮಂಡಿ ನೋಡಿದ್ರೆ ನೀನೇ ಅಳ್ತೀಯ. ಏನಾಯ್ತೇ?"

ಅವಳು ಬೆಣ್ಣೆ ಚಾಕುವನ್ನು ಅತ್ತಿತ್ತ ತಿರುಗಿಸಿದಳು. "ಹ್ಯಾಚ್ ಹಿಲ್ ರಸ್ತೇಲಿ ಗ್ಯಾಗ್ನನ್‌ರ ಹಳೇ ಮನೆ ಗೊತ್ತಲ್ಲ? ಅಲ್ಲಿ ಬಸ್ ನಿಲ್ಲಿಸ್ದೆ. ದೀಪ ಹಾಕ್ದೆ, ಬಾಗಿಲು ತೆಗ್ದೆ, ಕಾಯ್ದೆ. ಹಾರ್ನ್ ಹೊಡ್ದೆ."

"ಅಲ್ಲಿ ಈಗ ಯಾರೂ ಇಲ್ವಲ್ಲ."

"ಇಲ್ಲ. ಮುಂದಿನ ಸೀಟಿನ ಹುಡ್ಗಿ ಯಾರಿಗೆ ಕಾಯ್ತಿದೀರ ಅಂತ ಕೇಳಿದ್ಳು. 'ಲಿಸೆಟ್‌ಗೆ ಕಣೇ, ದಿನಾ ತಡ ಅವಳ್ದು' ಅಂದೆ. ಆ ಹುಡ್ಗಿ ಬಿದ್ದೂ ಬಿದ್ದೂ ನಕ್ಕಳು. 'ಲಿಸೆಟ್ ಅಂದ್ರೆ ನಮ್ಮಮ್ಮ!' ಅಂದ್ಳು." ವರ್ನಾ ಚಾಕು ಕೆಳಗಿಟ್ಟಳು. "ಬಸ್ಸೆಲ್ಲ ನಕ್ತು. ನಾನೂ ತಮಾಷೆ ಮಾಡ್ದೋಳ ಹಾಗೆ ನಕ್ಕೆ. ತಮಾಷೆ ಅಲ್ಲ ಗಿಲ್. ನಾನು ನಿಜವಾಗ್ಲೂ ಕಾಯ್ತಿದ್ದೆ. ಲಿಸೆಟ್ ಈಗ್ ಬರ್ತಾಳೆ, ಕೆಂಪು ಟೋಪಿ ಹಾಕ್ಕೊಂಡು, ಅಂತ."

"ಡಾಕ್ಟರಿಗೆ..." ಅಂದೆ.

"ಜನವರೀಲಿ ಬರಕ್ಕೆ ಹೇಳಿದಾರೆ."

"ಒಂದು ಸಲ ಆಗಿದ್ದಕ್ಕೆ ಇಷ್ಟೊಂದು..."

"ಒಂದು ಸಲ ಮನೆ ಖಾಲಿ ಅನ್ನೋದು ಮರೆತೆ. ಇನ್ನೊಂದು ಸಲ ಬೇರೆ ಗಾಡಿ ನಿಲ್ಸೋ ಕೆಂಪು ದೀಪ ಹಾಕೋದು ಮರೆತ್ರೆ? ಮಗು ರಸ್ತೆ ದಾಟ್ತಿರುತ್ತೆ." ಅವಳ ದನಿ ಗಟ್ಟಿಯಾಗಿಯೇ ಇತ್ತು. "ಬಿಡೋದು ಬಿಟ್ಟೆ. ನನ್ನ ಹೆದ್ರಿಕೆ ಬೇರೆ. ಕೆಂಡ್ರಾ ಫೋನಲ್ಲಿ ಸಿಕ್ಕಿ 'ನೀವಿಲ್ದೆ ಆಗ್ತಿಲ್ಲ' ಅಂದ್ಳು ಅನ್ನು, ನಾನು ಹೂಂ ಅಂದ್ಬಿಡ್ತೀನಿ. ನಾಲ್ಕು ಸಲಾನೂ ಹಾಗೇ ಆಗಿದ್ದು. ಆ ಮಾತು ಕೇಳಿದ್ರೆ ನನ್ನ ಬಾಯಿ ನನ್ನ ಕೈಲಿರಲ್ಲ. ಆರ್ಮಂಡ್ ಎಷ್ಟು ದಿನ ಅಂತ ಸುಳ್ಳು ಹೇಳ್ತಾನೆ?"

"ಕಾರಣ ಹೇಳ್ಬಿಡು. ಯಾರೂ ಕರೆಯಲ್ಲ."

"ಹೇಳಿದ್ರೆ ನಾಳೆಯಿಂದ ನಾನು ವರ್ನಾ ಅಲ್ಲ, 'ಪಾಪ, ವರ್ನಾ'. ಇನ್ನೂ ಸ್ವಲ್ಪ ದಿನ ಬರೀ ವರ್ನಾ ಆಗಿರ್ತೀನಿ ಕಣೋ. ನೀವು ಅವತ್ತು ನಕ್ಕಿದ್ದು ಒಳ್ಳೇದೇ ಆಯ್ತು, ಯಾರೂ ಯಾಕೆ ಅಂತ ಕೇಳ್ಲಿಲ್ಲ. ಮನೆಗೆ ಬಂದು ಮಾತ್ರ ತುಂಬ ಅತ್ತೆ. ಒಬ್ರಾದ್ರೂ ಕೇಳ್ಬಾರ್ದಿತ್ತಾ ಅಂತ."

ಪ್ಲೋಯ್ ತಣ್ಣಗಾಗಿತ್ತು. ನಾನು ಟೋಪಿ ಹಾಕಿಕೊಂಡು ಎದ್ದೆ.

ಮರುದಿನ ಮಧ್ಯಾಹ್ನ ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಏಳನೇ ಬಸ್ಸಿನ ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ ಬೋಲ್ಟುಗಳಿಗೆ ಎಣ್ಣೆ ಬಿಟ್ಟೆ. ರಸ್ತೆಗೆ ಹಾಕುವ ಉಪ್ಪು ಬೂಟಿನ ಜೊತೆ ಬಂದು ತುಕ್ಕು ಹಿಡಿಸಿತ್ತು, ಬೇಗ ಬಿಡಲಿಲ್ಲ. ಮಣೆಗಳು ಕೈಗೆ ಬಂದಾಗ ನೋಡಿದರೆ ಬ್ರೇಕಿನ ಮಣೆ ನಡುವೆ ತಗ್ಗಾಗಿತ್ತು, ಒರಳಿನ ಬಾಯಿಯ ಹಾಗೆ ನುಣುಪು. ಆಕ್ಸಿಲರೇಟರಿನ ಮಣೆಯಲ್ಲಿ ಅಷ್ಟು ಸವೆತ ಇರಲಿಲ್ಲ. ಇಷ್ಟು ವರ್ಷ ಅವಳು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು. ನಾನು ಅಲ್ಲೇ ಕೂತು ಅತ್ತೆ. ಅವಳಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ವಿಂಗಡಿಸಲು ಹೋಗಲಿಲ್ಲ.

ಮಣೆಗಳನ್ನು ಚಿಂದಿಯಲ್ಲಿ ಒರೆಸಿ, ತೆಗೆದುಕೊಂಡು ಹೋಗಿ ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟೆ. "ತಗೋ. ಇನ್ನು ನೀನು ಹೂಂ ಅಂದ್ರೂ ಅಷ್ಟೇ, ಉಹೂಂ ಅಂದ್ರೂ ಅಷ್ಟೇ."

ಅವಳು ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದಳು. ಅಷ್ಟರಲ್ಲಿ ಫೋನ್ ರಿಂಗಾಯಿತು. ಭಾನುವಾರದ ಫೋನ್. ಆರ್ಮಂಡ್ ಎದ್ದ.

"ಕೂತ್ಕೋ. ನಾನೇ ತಗೋತೀನಿ," ಅಂದಳು ವರ್ನಾ.

ಕೆಂಡ್ರಾಳ ದನಿ ನನ್ನವರೆಗೂ ಕೇಳುತ್ತಿತ್ತು. ಅಬ್ಬಾ, ಸಿಕ್ಕಿದಿರಲ್ಲ, ನೀವಿಲ್ಲದೆ ಆಗುತ್ತಲೇ ಇಲ್ಲ, ಮಕ್ಕಳು ದಿನಾ ಕೇಳುತ್ತಾರೆ ಎಂದಳು. ವರ್ನಾಳ ಬಾಯಿ ತೆರೆಯಿತು. ಹೂಂ ತುಟಿಯವರೆಗೂ ಬಂದದ್ದು ನನಗೆ ಕಂಡಿತು. ಆರ್ಮಂಡ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಅವಳು ಮೇಜಿನ ಮೇಲಿನ ಮಣೆಗಳನ್ನು ನೋಡಿದಳು.

"ಆಗಲ್ಲ ಕಣಮ್ಮ," ಅಂದಳು. "ನನ್ನ ಕಾಲು ಎಟುಕಲ್ಲ."

ಮಣೆ ಬಿಚ್ಚಿದ್ದಾರಾ, ಗಿಲ್‌ಗೆ ಹೇಳಿ ಮತ್ತೆ ಹಾಕಿಸುತ್ತೇನೆ ಎಂದು ಆ ಕಡೆಯಿಂದ ಕೇಳಿಸಿತು. ವರ್ನಾ ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಅವನ ಕೈಲಿ ಇನ್ನಾಗಲ್ಲಮ್ಮ. ಕೆಳಗೆ ಬಗ್ಗಿದ್ರೆ ಮೇಲೆತ್ತಕ್ಕೆ ಇಬ್ರು ಬೇಕು. ನೀನು ಅವನ ಜಾಗಕ್ಕೂ ಯಾರನ್ನಾದ್ರೂ ನೋಡ್ತಿರು."

ಫೋನ್ ಇಟ್ಟ ಮೇಲೂ ಅವಳು ಕೈ ತೆಗೆಯಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆರ್ಮಂಡ್ ಒಲೆ ಆರಿಸಿ ಬಂದು ಅವಳ ಪಕ್ಕ ನಿಂತ.

"ಗಿಲ್," ಅಂದಳು, "ಡೊರೀನ್‌ಗೆ ಹೇಳು. ನಂಗೆ ಕೇಕು ಬೇಕು. ಚಕ್ರ ಸಮೇತ. ಎಲ್ರೂ ಬರ್ಲಿ, ಲಿಸೆಟ್‌ಗೂ ಹೇಳು. ಈ ಸಲ ಒಂದು ಚೂರೂ ಉಳಿಸೋದು ಬೇಡ."