ದೇವರ ಕಟ್ಟೆಯ ಕಲ್ಲು

ನಮ್ಮಣ್ಣ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಾಡುತ್ತಿದ್ದ. ಕಲ್ಲಿಗೆ ಹೊಳಪು ಬಂತೋ ಇಲ್ಲವೋ ನೋಡಲು ಅಲ್ಲೊಂದು ರೂಢಿ ಇತ್ತು: ಕಲ್ಲಿನ ಮೇಲೆ ಬಾಗಿ ಹಲ್ಲು ಕಿಸಿಯುವುದು. ಹಲ್ಲು ಬಿಡಿಬಿಡಿಯಾಗಿ ಕಂಡರೆ ಕೆಲಸ ಮುಗಿಯಿತು, ಇಲ್ಲದಿದ್ದರೆ ಮತ್ತೆ ತಿಕ್ಕು. ಬುತ್ತಿ ಕೊಡಲು ಹೋದಾಗ, ಧೂಳು ಮೆತ್ತಿದ ಗಂಡಸರು ಕಲ್ಲಿಗೆ ಹಲ್ಲು ಕಿಸಿಯುವುದನ್ನು ಕಂಡು ಬಿದ್ದು ಬಿದ್ದು ನಗುತ್ತಿದ್ದೆ.

"ನಗು, ನಗು. ನೀ ಮನಿ ಕಟ್ಟಿಸಿದಾಗ ದೇವರ ಕಟ್ಟಿ ಕಲ್ಲು ನಾನ ತಿಕ್ಕಿ ಕೊಡ್ತೇನಿ. ತವರಮನಿ ಉಡುಗೊರಿ," ಎನ್ನುತ್ತಿದ್ದ ಅಣ್ಣ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಅಂದರೆ ಅವನೊಬ್ಬನೇ.

ಆಮೇಲೆ ಹೊಳಪಿನ ಕಲ್ಲು ಕೊಳ್ಳುತ್ತಿದ್ದ ಹೊರದೇಶದವರು ತೆರಿಗೆ ಏರಿಸಿದರು. ಚೀನಾದವರು ಮಾತ್ರ, ಒರಟು ಕಲ್ಲೇ ಕಳಿಸಿ, ಪಾಲಿಶ್ ನಾವೇ ಮಾಡಿಕೊಳ್ಳುತ್ತೇವೆ ಎಂದರಂತೆ. ಮಾಲೀಕರು ಎಲ್ಲರನ್ನೂ ಕರೆದು, "ಜಗತ್ತು ಬದಲಾಗೈತ್ರಪಾ, ನಾವೂ ಬದಲಾಗಬೇಕು," ಅಂದರು. ಬದಲಾಗುವುದೆಂದರೆ ಪಾಲಿಶ್ ಯಂತ್ರಗಳನ್ನು ಗುಜರಿಗೆ ಹಾಕುವುದು! ಅಣ್ಣನನ್ನು ಲಾರಿಗೆ ಕಲ್ಲು ಏರಿಸುವ ಕಡೆ ನಿಲ್ಲಿಸಿದರು. "ಹೊಟ್ಟಿಗೇನ್ ಕಡಿಮಿ ಇಲ್ಲ ಬಿಡು," ಎಂದ. ಸುಡುಗಾಡು ಹೊಟ್ಟೆ!

ಹೋದ ವರ್ಷ ಬಾಗಲಕೋಟೆಯಲ್ಲಿ ನಮ್ಮ ಮನೆ ಎದ್ದಿತು. ದೇವರ ಕಟ್ಟೆಯನ್ನು ಮಾತ್ರ ಬರೀ ಸಿಮೆಂಟಿನಲ್ಲೇ ಬಿಟ್ಟಿದ್ದೆ. ಅಂಗಡಿಯಿಂದ ಒಂದು ಕಲ್ಲು ತಂದು ಹಾಕಿದರಾಯಿತು ಎಂದ ಗಂಡನ ಮೇಲೆ ಹರಿಹಾಯ್ದೆ. "ನಮ್ಮಣ್ಣ ಮಾತು ಕೊಟ್ಟಾನ್ರೀ! ಎಲ್ಲ್ಯಾರ ಮಷೀನ್ ಹುಡುಕಿ ತಿಕ್ಕಿ ತರ್ತಾನ."

ವಾಸ್ತುಶಾಂತಿಯ ಹಿಂದಿನ ದಿನ ಅಣ್ಣ ಟಂಟಂ ಆಟೋದಲ್ಲಿ ಬಂದ. ಕೌದಿಯಲ್ಲಿ ಸುತ್ತಿದ್ದ ಕೆಂಪು ಕಲ್ಲನ್ನು ಕೂಸನ್ನು ಇಳಿಸುವ ಹಾಗೆ ಇಳಿಸಿದ. ನಾನು ತಡೆಯಲಾರದೆ ಬಾಗಿ ಹಲ್ಲು ಕಿಸಿದೆ. ಒಂದೊಂದು ಹಲ್ಲೂ ಕಂಡಿತು.

"ಅಯ್ಯ ನಮ್ಮಪ್ಪ! ಕೈ ಅಂದ್ರ ನಿಂದು ನೋಡು ಕೈ!" ಎಂದು ಗಂಡನಿಗೂ ಕೇಳಿಸುವ ಹಾಗೆ ಕೂಗಿದೆ.

ಅಣ್ಣ ಕೌದಿ ಮಡಚಿದ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ.

"ಅಂಗಡ್ಯಾಗ ತಗೊಂಡೆ, ತಂಗೆವ್ವಾ. ಚೀನಾಕ್ಕ ಹೋಗಿ ಹೊಳ್ಳಿ ಬಂದದ್ದಂತ. ಕಲ್ಲು ನಮ್ದ ಐತಿ," ಎಂದ. "ಕೈ ನಮ್ದಲ್ಲ."

ಅವನ ಕೈ ಹಿಡಿದು ಅತ್ತುಬಿಟ್ಟೆ.

ಈಗ ದಿನಾ ಮುಂಜಾನೆ ಆ ಕಟ್ಟೆ ಒರೆಸುವಾಗ ನನ್ನ ಮುಖ ಕಾಣುತ್ತದೆ. ಅಣ್ಣ ಬಂದರೆ ದೇವರಿಗೆ ನಿಂತಲ್ಲೇ ಕೈಮುಗಿಯುತ್ತಾನೆ, ಕಲ್ಲಿನ ಮೇಲೆ ಬಾಗುವುದಿಲ್ಲ.