ಅತ್ತೆಯ ಕಾಲಿಗೆ ಕಟ್ಟಿದ ಹೊಸ ಬಟ್ಟೆ

ಅತ್ತೆಯ ಬ್ಯಾಂಡೇಜಿನ ಮೇಲೆ ಅಂಗೈಯಗಲದ ಹಸಿರು ಕಲೆಯನ್ನು ಮೊದಲು ಕಂಡವಳು ನಾನು. ಆಪರೇಷನ್ ಆಗಿ ಒಂಬತ್ತು ದಿನವಾಗಿತ್ತು. ಬೆಳಗಿನ ಚಹಾ ಕೊಡಲು ಹೋದವಳು ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ರಕ್ತವಾದರೆ ಕೆಂಪಿರಬೇಕು. ಕೀವಾದರೆ ಹಳದಿ. ಇದು ಎಳೆ ಹುಲ್ಲಿನ ಹಸಿರು. ಬಗ್ಗಿ ಮೂಸಿದರೆ ಬುಟ್ಟಿಯಲ್ಲಿ ಹೆಚ್ಚು ದಿನ ಉಳಿದ ದ್ರಾಕ್ಷಿಯ ಸಿಹಿ ವಾಸನೆ.

ಅತ್ತೆ ಮೊಣಕೈ ಊರಿ ಎದ್ದು ತಾವೂ ನೋಡಿದರು. "ಬಣ್ಣ ಛಲೋ ಐತಲ್ಲ," ಎಂದರು. "ಪಕ್ಕಾ ಐತೋ, ತೊಳದ್ರ ಹೋಗತೈತೋ?"

ಬನಹಟ್ಟಿಯಲ್ಲಿ ನೇಕಾರರ ಮನೆಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷ ನೂಲಿನ ನಡುವೆಯೇ ಕಳೆದವರು ಅವರು. ಯಾವ ಕಲೆ ಕಂಡರೂ ಮೊದಲು ಕೇಳುವುದು ಇದನ್ನೇ. ನನಗೆ ನಗು ಬಂತು. ನಗುತ್ತಲೇ ಲೋಟ ಓರೆಯಾಗಿ ಚಹಾ ಹಾಸಿಗೆಯ ಮೇಲೆ ಚೆಲ್ಲಿತು.

ನಮ್ಮ ಮನೆಯಲ್ಲಿ ಈಗ ಪವರ್‌ಲೂಮ್‌ಗಳಿವೆ. ನನ್ನ ಗಂಡ ಶ್ರೀಶೈಲ ಅವನ್ನು ನೋಡಿಕೊಳ್ಳುತ್ತಾರೆ. ಆದರೆ ಒಳಕೋಣೆಯ ಹಳೆಯ ಕುಣಿಮಗ್ಗವನ್ನು ಅತ್ತೆ ತೆಗೆಯಲು ಬಿಟ್ಟಿಲ್ಲ. ದಿನಕ್ಕೆ ಎರಡು ತಾಸು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಲ್ಲಿಂದ ಮೇಲೆ ಬರುವಾಗಲೇ ಜಾರಿ ಬಿದ್ದದ್ದು. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಸ್ಟೀಲ್ ಪ್ಲೇಟ್ ಹಾಕಿ ಜೋಡಿಸಿದ್ದರು. ಮನೆಗೆ ಬಂದು ನಾಲ್ಕು ದಿನವಾಗಿತ್ತು ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ಚಳಿಜ್ವರ. ಅಂದೇ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಗಾಯದಿಂದ ಸ್ಯಾಂಪಲ್ ತೆಗೆದು ಕಲ್ಚರ್‌ಗೆ ಕಳಿಸಿದರು. ಮೂರನೆಯ ದಿನ ರಿಪೋರ್ಟ್ ಬಂತು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ನಮ್ಮ ಮನೆಯಲ್ಲಿ ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಮೊದಲು ನನ್ನ ಕೈಗೇ ಕೊಡುತ್ತಾರೆ. ಎಡಗಡೆ ಆ್ಯಂಟಿಬಯಾಟಿಕ್‌ಗಳ ಹೆಸರು. ಬಲಗಡೆ ಒಂದೊಂದೇ ಅಕ್ಷರ. ಆರ್, ಆರ್, ಆರ್, ಆರ್. ಆರ್ ಎಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಬೆರಳಿಟ್ಟು ಕೆಳಗೆ ಕೆಳಗೆ ಹೋದೆ. ಎಲ್ಲಕ್ಕೂ ಕೆಳಗೆ ಒಂದೇ ಒಂದು ಎಸ್ ಇತ್ತು. ಆ ಒಂದು ಔಷಧಿಗೆ ಮಾತ್ರ ಬಗ್ಗುತ್ತದೆ.

ಆ ಒಂದು ಔಷಧಿ ಕಿಡ್ನಿಗೆ ಕೆಟ್ಟದ್ದು. ಅತ್ತೆಯ ಕಿಡ್ನಿ ಮೊದಲೇ ಅರ್ಧ ದಣಿದಿತ್ತು.

ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದವರು ಇನ್ಫೆಕ್ಷನ್ ವಿಭಾಗದ ಒಬ್ಬ ಹೆಣ್ಣುಮಗಳು ಡಾಕ್ಟರ್. ಮುಧೋಳದ ಕಡೆಯವರು. ಇಂಥ ಬ್ಯಾಕ್ಟೀರಿಯಾ ಹೆಚ್ಚಾಗಿ ಆಸ್ಪತ್ರೆಗಳಲ್ಲೇ ಇರುತ್ತದೆ, ಎಷ್ಟೋ ಆ್ಯಂಟಿಬಯಾಟಿಕ್‌ಗಳನ್ನು ಕಂಡು ಪಳಗಿರುತ್ತದೆ ಎಂದರು. ಈಗ ಅದು ಪ್ಲೇಟಿನ ಮೇಲೆ ಲೋಳೆಯ ಪರದೆ ಕಟ್ಟಿಕೊಂಡು ಒಳಗೆ ಕೂತಿದೆಯಂತೆ. ರಕ್ತನಾಳದಿಂದ ಕೊಟ್ಟ ಔಷಧಿ ಆ ಪರದೆ ದಾಟುವಷ್ಟು ಆಗಬೇಕಾದರೆ ಕಿಡ್ನಿ ಉಳಿಯುವುದಿಲ್ಲ. ಪ್ಲೇಟ್ ತೆಗೆದರೆ ಎಲುಬು ಕೂಡುವುದಿಲ್ಲ. ಏನೂ ಮಾಡದಿದ್ದರೆ ಮೊಣಕಾಲಿನಿಂದ ಕೆಳಗೆ ಕಾಲೇ ತೆಗೆಯಬೇಕಾದೀತು.

ಮತ್ತೊಂದು ದಾರಿ ಇದೆ, ಆದರೆ ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದರು. ಅದೇ ಔಷಧಿಯನ್ನು ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ತುಂಬಿದ್ದಾರೆ. ಒಂದು ಕೂದಲಿನ ಅಗಲದಲ್ಲಿ ನೂರಾರು ಹಿಡಿಸುವಷ್ಟು ಸಣ್ಣವು. ನ್ಯಾನೋಪಾರ್ಟಿಕಲ್ ಎನ್ನುತ್ತಾರೆ. ಜೆಲ್ ಮಾಡಿ ಗಾಯದೊಳಗೇ ಇಡುವುದು. ಗುಳ್ಳೆಗಳು ಲೋಳೆಯ ಸಂದಿಯಲ್ಲಿ ನುಸುಳಿ, ಒಳಗೆ ಹೋಗಿ ಒಡೆಯುತ್ತವೆ. ಔಷಧಿ ಬೇಕಾದಲ್ಲೇ ಬೀಳುತ್ತದೆ, ಕಿಡ್ನಿಯ ತನಕ ಹೋಗುವುದು ಬಹಳ ಕಡಿಮೆ.

ಅತ್ತೆ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. "ಅಂದ್ರ ಔಷಧಕ್ಕ ಬುತ್ತಿ ಕಟ್ಟಿ ಕಳಸತೀರಿ ಅನ್ರಿ."

"ಹೌದ್ರಿ ಅವ್ವಾರ. ಮನಿ ಬಾಗಲಾ ಮುಟ್ಟೂಮಟಾ ಗಂಟು ಬಿಚ್ಚಬಾರದು, ಅಷ್ಟ."

ಶ್ರೀಶೈಲ ಮಾತ್ರ ಒಪ್ಪಲಿಲ್ಲ. ಹೊರಗೆ ಬಂದು ನನ್ನ ಹತ್ತಿರ ಸಿಟ್ಟು ಮಾಡಿದರು. ನಮ್ಮವ್ವನ ಮೇಲೆ ಪರೀಕ್ಷೆ ಮಾಡಲು ಆಕೆಯೇನು ಇಲಿಯೇ ಎಂದರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅತ್ತೆ ಅಂದರು:

"ಲೇ ಶ್ರೀಶೈಲ, ಹೊಸಾ ಡಿಸೈನ್ ಮಗ್ಗಕ್ಕ ಹಾಕಿದ್ರ ಮೊದಲನೇ ಸೀರಿ ಯಾರರ ನೇಯಬೇಕಲ್ಲೋ. ಎಲ್ಲಾರೂ ಎರಡನೇದು ನೇಯ್ತೀನಂದ್ರ ಹೆಂಗ?"

ಒಪ್ಪಿಗೆಯ ಪತ್ರವನ್ನು ನಾನೇ ಓದಿ ಹೇಳಬೇಕಾಯಿತು. ಒಂದು ತಾಸು ಹಿಡಿಯಿತು. ಕನ್ನಡದ ಪ್ರತಿಯೂ ಇತ್ತು, ಆದರೆ ಅದರ ಕನ್ನಡ ನನಗೇ ಎರಡೆರಡು ಸಲ ಓದುವಂತಿತ್ತು. ನಿಯಮ ಪಾಲಿಸದಿದ್ದರೆ ಚಿಕಿತ್ಸೆ ನಿಲ್ಲಿಸಬಹುದು ಎಂಬ ಸಾಲನ್ನೂ ಓದಿದೆ.

"ಇದರಾಗ ಸಾಯಬಹುದು ಅಂತ ಬರದೈತೇನ ಸುಮಾ?"

"ಬರದೈತ್ರಿ ಅತ್ತಿ."

"ಬದುಕತಾರ ಅಂತ?"

"ಅದನ್ನ ಬರದಿಲ್ರಿ."

"ಹಂಗಾರ ಖರೆ ಬರದಾರ. ತಾ ಪೆನ್ನು."

ಓಟಿಯಲ್ಲಿ ಗಾಯ ತೆರೆದು ಚೆನ್ನಾಗಿ ತೊಳೆದು ಜೆಲ್ ಇಟ್ಟರು. ನಂತರ ಮೂರು ದಿನಕ್ಕೊಮ್ಮೆ ಡ್ರೆಸಿಂಗ್. ಈ ಬ್ಯಾಕ್ಟೀರಿಯಾ ಬೇರೆಯವರಿಗೆ ಹರಡಬಾರದೆಂದು ಅತ್ತೆಯನ್ನು ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ನಾನು ಒಳಗೆ ಹೋಗುವಾಗಲೆಲ್ಲ ನೀಲಿ ಗೌನು, ಗ್ಲೌಸು. ಅತ್ತೆ ಗೌನಿನ ಅಂಚು ಹಿಡಿದು ತಿಕ್ಕಿ ನೋಡಿ, ಇದು ನೇಯ್ದದ್ದೇ ಅಲ್ಲ, ಇದಕ್ಕೆ ಉದ್ದ ಎಳೆಯ ಹಾಸೂ ಇಲ್ಲ, ಅಡ್ಡ ಎಳೆಯ ಹೊಕ್ಕೂ ಇಲ್ಲ ಎಂದು ತೀರ್ಪು ಕೊಟ್ಟರು.

ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ಅರ್ಧ ಓಣಿಯೇ ನೋಡಲು ಬರುತ್ತದೆ. ರಬಕವಿಯಿಂದ, ಚಿಮ್ಮಡದಿಂದ ಬಳಗದವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಯಾರಿಗೂ ಒಳಗೆ ಪ್ರವೇಶವಿಲ್ಲ. ಬಾಗಿಲಿನ ಗಾಜಿನಲ್ಲಿ ಒಬ್ಬೊಬ್ಬರಾಗಿ ಮುಖ ತೋರಿಸಿದರು. ಅತ್ತೆ ದಿಂಬಿಗೆ ಒರಗಿ ಕೂತು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದರು. ದರ್ಶನವಾಯಿತು, ಇನ್ನು ಮುಂದೆ ನಡೆಯಿರಿ ಎಂದು ಸನ್ನೆ ಮಾಡಿದಾಗ ನರ್ಸ್ ಕೂಡ ನಕ್ಕು ಟ್ರೇ ಕೆಳಗಿಟ್ಟಳು. ಆಸ್ಪತ್ರೆಯಲ್ಲಿ ಕಳೆದ ಆ ಹದಿನೆಂಟು ದಿನಗಳಲ್ಲಿ ನಾನು ನಕ್ಕಷ್ಟು ಮದುವೆಯಾದ ವರ್ಷವೂ ನಕ್ಕಿರಲಿಲ್ಲ. ನಾನು ಮೆತ್ತಗೆ ಮಾತಾಡುವವಳು, ಅತ್ತೆಯದು ಮಗ್ಗದ ಸದ್ದನ್ನು ಮೀರಿಸುವ ದನಿ. ಮನೆಯಲ್ಲಿದ್ದಾಗ ಕೆಲಸವಿಲ್ಲದ ಮಾತು ನಮ್ಮಿಬ್ಬರ ನಡುವೆ ಕಡಿಮೆಯೇ ಇತ್ತು.

ಪ್ರತಿ ಡ್ರೆಸಿಂಗಿನಲ್ಲೂ ಹಸಿರು ತುಸು ತೆಳುವಾಗುತ್ತಿತ್ತು. ಸಿಹಿ ವಾಸನೆ ಹೋಯಿತು. ಜ್ವರ ಬಿಟ್ಟಿತು. ವಾರಕ್ಕೆ ಎರಡು ಸಲ ಓಪಿಡಿಗೆ ಬರಬೇಕೆಂದು ಹೇಳಿ ಮನೆಗೆ ಕಳಿಸಿದರು. ನಡುವೆ ಡ್ರೆಸಿಂಗ್ ಒದ್ದೆಯಾದರೆ ಸೀಲ್ ಮಾಡಿದ ಪೊಟ್ಟಣದ ಗಾಜ್ ಬಟ್ಟೆ ಮಾತ್ರ ಕಟ್ಟಬೇಕು. ಡಾಕ್ಟರ್ ಇದನ್ನು ಮೂರು ಸಲ ಹೇಳಿದ್ದರು.

ಮನೆಗೆ ಬಂದ ಎರಡನೆಯ ಭಾನುವಾರ ಮಧ್ಯಾಹ್ನ ಅತ್ತೆ ನೀರಿನ ತಂಬಿಗೆಯನ್ನು ಕಾಲಿನ ಮೇಲೆ ಬೀಳಿಸಿಕೊಂಡರು. ಡ್ರೆಸಿಂಗ್ ಪೂರ್ತಿ ತೊಯ್ದಿತು. ಬಿಚ್ಚಿದೆ. ಗಾಜ್ ಪೊಟ್ಟಣ ಹುಡುಕಿದರೆ ಮುಗಿದಿದ್ದವು. ಶ್ರೀಶೈಲ ಗಾಡಿ ತೆಗೆದುಕೊಂಡು ಹೋದರು. ಊರಿನ ಔಷಧಿ ಅಂಗಡಿಗಳು ಮುಚ್ಚಿದ್ದವು, ಜಮಖಂಡಿಗೆ ಹೋಗಿ ನೋಡುತ್ತೇನೆಂದು ಫೋನು ಮಾಡಿದರು. ಅಷ್ಟರಲ್ಲಿ ಒಂದು ನೊಣ ಬಂತು. ತೆರೆದ ಗಾಯದ ಸುತ್ತ ಸುಳಿಯತೊಡಗಿತು.

"ಅದ್ಯಾಕ ಒದ್ದಾಡ್ತಿ," ಎಂದರು ಅತ್ತೆ. "ನಿನ್ನೆ ಮಗ್ಗದಿಂದ ಇಳಿಸಿದ ಬಿಳಿ ಬಟ್ಟಿ ಐತಲ್ಲ, ಹರದು ಕಟ್ಟು. ಒಬ್ಬರ ಮೈಗೆ ತಾಗಿಲ್ಲ, ಒಮ್ಮಿ ನೀರು ಕಂಡಿಲ್ಲ. ಅದಕ್ಕಿಂತ ಸ್ವಚ್ಛ ಇನ್ನೇನ್ ಬೇಕವಾ?"

ನನಗೂ ಅದು ಸರಿಯೆನಿಸಿತು. ಇಷ್ಟು ವರ್ಷ ಈ ಮನೆಯಲ್ಲಿ ಯಾರ ಕೈಗೆ ಪೆಟ್ಟಾದರೂ ಮಗ್ಗದಿಂದ ಆಗತಾನೇ ಇಳಿದ ಬಟ್ಟೆಯನ್ನೇ ಕಟ್ಟಿದ್ದೇವೆ. ನೇಕಾರರಿಗೆ ಅದಕ್ಕಿಂತ ಶುದ್ಧವಾದದ್ದು ಲೋಕದಲ್ಲಿಲ್ಲ. ಅಳತೆ ನೋಡಿ ನೀಟಾಗಿ ಹರಿದು ಕಟ್ಟಿದೆ. ಶ್ರೀಶೈಲ ಗಾಜ್ ತರುವ ಹೊತ್ತಿಗೆ ಅತ್ತೆ ನಿದ್ದೆ ಹೋಗಿದ್ದರು. ಎಬ್ಬಿಸುವುದು ಬೇಡ, ಬೆಳಗ್ಗೆ ಬದಲಿಸೋಣ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಬಿಚ್ಚಲು ಹೋದರೆ ಬಟ್ಟೆ ಬಿಟ್ಟು ಬರಲಿಲ್ಲ.

ಗಾಯಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅಂಚಿನಲ್ಲಿ ಅಂಟಂಟು. ಹಳಸಿದ ಹುಳಿ ವಾಸನೆ. ಆ ವಾಸನೆ ನನಗೆ ತಕ್ಷಣ ಗೊತ್ತಾಯಿತು. ಅದು ಗಂಜಿ. ಹಾಸಿನ ಎಳೆ ನೇಯುವಾಗ ಹರಿಯಬಾರದೆಂದು ನಾವೇ ಹಚ್ಚುವ ಗಂಜಿ. ಒಗೆಯದ ಹೊಸ ಬಟ್ಟೆಯ ತುಂಬ ಅದೇ ಇರುತ್ತದೆ. ದಿನಾ ನೋಡುವ ನನಗೆ, ಮೂರು ಸಲ ಹೇಳಿಸಿಕೊಂಡಿದ್ದ ನನಗೆ, ಅದು ನೆನಪಾಗಲೇ ಇಲ್ಲ.

ಗಾಜ್ ಒದ್ದೆಯಾಗಿತ್ತು ಎಂದಷ್ಟೇ ಹೇಳಿದರಾಯಿತು, ನಿಯಮ ಮುರಿದೆವೆಂದರೆ ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟಾರು ಎಂದು ಶ್ರೀಶೈಲ ಬೆಳಗಾವಿಯ ದಾರಿಯುದ್ದಕ್ಕೂ ಹೇಳಿದರು. ಅವರ ಭಯವೇ ನನ್ನದೂ. ಆ ಸಾಲನ್ನು ಓದಿ ಹೇಳಿದವಳೇ ನಾನು. ಸುಳ್ಳು ಹೇಳಿದರೆ ಕಾಲು ಉಳಿಯಬಹುದು ಅನಿಸುತ್ತಿತ್ತು. ಆದರೆ ಗಾಯದೊಳಗೆ ಏನು ಹೋಗಿದೆಯೆಂದು ಗೊತ್ತಿಲ್ಲದೆ ಡಾಕ್ಟರ್ ತಾನೇ ಏನು ಮಾಡಿಯಾರು? ಶಾಲೆಯಲ್ಲಿ ಸಿಸ್ಟರ್ ಮುಂದೆ ನಿಂತಾಗಲೂ ನನಗೆ ಮಾತು ತಿರುಗಿಸಲು ಬಂದದ್ದಿಲ್ಲ. ಓಪಿಡಿಯಲ್ಲಿ ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ.

ಡಾಕ್ಟರ್ ಗ್ಲೌಸು ಹಾಕಿಕೊಂಡರು. ನಂತರ ಸಲೈನ್ ಹಾಕಿ ಹಾಕಿ ಬಟ್ಟೆಯನ್ನು ನೆನೆಸಿ, ತಾವೇ ಒಂದೊಂದು ಎಳೆಯನ್ನೂ ಬಿಡಿಸಿದರು. ಅರ್ಧ ತಾಸು ಬೇಕಾಯಿತು. ಕೊನೆಗೆ ಹೇಳಿದರು, "ಗಂಜಿ ಅಂದ್ರ ಬ್ಯಾಕ್ಟೀರಿಯಾಕ್ಕ ಊಟಾ ಬಡಿಸಿದಂಗ್ರಿ. ಇದನ್ನ ನಾ ಫೈಲಿನ್ಯಾಗ ಬರೀಬೇಕಾಗತೈತಿ."

ನನ್ನ ಕಣ್ಣು ತುಂಬಿತು.

"ಬರೀರಿ," ಎಂದರು ಅತ್ತೆ. "ಈ ಗಂಗವ್ವ ಮಾಡಿದ್ದು ಅಂತ ಬರೀರಿ. ಕಟ್ಟು ಅಂದಾಕಿ ನಾನು. ಆಕಿ ಹೆಸರು ಬ್ಯಾಡ, ನಾ ಹೇಳಿದ್ದನ್ನ ಎಂದೂ ಇಲ್ಲ ಅಂದಾಕಿ ಅಲ್ಲ."

"ಯಾರ ಹೆಸರೂ ಬರಿಯೂದಿಲ್ರಿ ಅವ್ವಾರ. ಬಟ್ಟಿ ಹೆಸರು ಬರೀತೀನಿ." ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವು ಹೇಳಿದ್ದು ಛಲೋ ಆತ್ರಿ. ಹೇಳದಿದ್ರ ನಾ ಇದನ್ನ ಔಷಧದ ತಪ್ಪು ಅಂತ ತಿಳಕೊಂಡು ಜೆಲ್ ನಿಲ್ಲಸತಿದ್ದೆ."

ಮತ್ತೆ ಅಡ್ಮಿಟ್. ಮತ್ತೆ ಕಲ್ಚರ್. ಮೂರು ದಿನ ಕಾಯುವುದು. ದೊಡ್ಡ ಡಾಕ್ಟರುಗಳೆಲ್ಲ ಕೂತು ಮಾತಾಡಿ ಚಿಕಿತ್ಸೆ ಮುಂದುವರಿಸಲು ಒಪ್ಪಿದರು. ಆ ಮೂರು ದಿನ ಅತ್ತೆ ತಮಾಷೆ ಮಾಡಲಿಲ್ಲ. ನಾನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಕೊಟ್ಟರೆ ತಿನ್ನುತ್ತಿದ್ದರು. ಒಮ್ಮೆ ಸುಮ್ಮನೆ ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೀವಿದರು, ನೂಲಿನ ಸಿಕ್ಕು ಬಿಡಿಸುವಾಗ ಮಾಡುವಂತೆ.

ರಿಪೋರ್ಟಿನಲ್ಲಿ ಹಳೆಯ ಬ್ಯಾಕ್ಟೀರಿಯಾ ಇತ್ತು, ಆದರೆ ಬಹಳ ಕಡಿಮೆ. ಹೊಸದು ಯಾವುದೂ ಸೇರಿರಲಿಲ್ಲ. ಕಿಡ್ನಿ ಇದ್ದ ಹಾಗೇ ಇತ್ತು. ಮತ್ತೆ ಐದು ವಾರ ಜೆಲ್ ಇಟ್ಟರು. ಆರನೆಯ ವಾರ ಡಾಕ್ಟರ್ ತಾವಾಗಿಯೇ ಫೋನು ಮಾಡಿ, ಕಲ್ಚರಿನಲ್ಲಿ ಏನೂ ಬೆಳೆದಿಲ್ಲ ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನಿಗೆಲ್ಲ ಜೋಳದ ಹಿಟ್ಟು.

ಹೊಸ ಔಷಧಿಯೇ ವಾಸಿ ಮಾಡಿತೇ ಎಂದು ಮುಂದಿನ ಭೇಟಿಯಲ್ಲಿ ಕೇಳಿದೆ. ಒಬ್ಬರನ್ನು ನೋಡಿ ಹಾಗೆ ಹೇಳಲಾಗದು ಎಂದರು. ಗಾಯ ತೊಳೆದದ್ದೂ ಕಾರಣವಿರಬಹುದು, ಇನ್ನೂ ಬಹಳ ಜನರಲ್ಲಿ ನೋಡಬೇಕು. ಪ್ಲೇಟ್ ಒಳಗಿರುವ ತನಕ ಎಚ್ಚರವಾಗಿರಬೇಕು, ಒಂದು ವರ್ಷ ಬಿಡದೆ ಬರಬೇಕು. ನನಗೆ ಈ ಉತ್ತರ ಹಿಡಿಸಿತು. ತಿಳಿದಷ್ಟೇ ಹೇಳುವವರ ಕೈಯಲ್ಲಿ ಅತ್ತೆಯ ಕಾಲಿದೆ ಎಂದು ಸಮಾಧಾನವಾಯಿತು.

ಇದನ್ನು ಬರೆಯಲು ಕೂತದ್ದು ಇಂದು ಬೆಳಗ್ಗೆ ನಡೆದದ್ದಕ್ಕಾಗಿ. ಹಾಲು ಕಾಯಿಸಿ ಒಳಕೋಣೆಗೆ ಹೋದೆ. ಮಂಚ ಖಾಲಿ. ವಾಕರ್ ಗೋಡೆಗೆ ಒರಗಿಸಿದ ಹಾಗೇ ಇತ್ತು. ಬಚ್ಚಲಿನಲ್ಲಿಲ್ಲ. ಹಿತ್ತಲಲ್ಲಿಲ್ಲ. ಕುಣಿಯೊಳಗೂ ಇಣುಕಿ ನೋಡಿದೆ. ಅಲ್ಲೂ ಇಲ್ಲ.

ಓಣಿಗೆ ಓಡಿದೆ. ಮೂರು ಮನೆ ಆಚೆ ನೀಲವ್ವನವರ ಕಟ್ಟೆಯ ಕಡೆಯಿಂದ ಆ ದನಿ ಕೇಳಿತು. ಅತ್ತೆ ಕಟ್ಟೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಗೆಳತಿಗೆ ಗಾಯದ ಗೆರೆ ತೋರಿಸುತ್ತಿದ್ದರು. ಐದು ತಿಂಗಳಲ್ಲಿ ಮೊದಲ ಸಲ, ಯಾರ ಹೆಗಲನ್ನೂ ಹಿಡಿಯದೆ, ಯಾರಿಗೂ ಹೇಳದೆ ಅಷ್ಟು ದೂರ ನಡೆದಿದ್ದರು.

ನನ್ನನ್ನು ಕಂಡು ಸಣ್ಣ ಮುಖ ಮಾಡಿದರು. "ಬೈಬ್ಯಾಡ ಬೇ," ಎಂದರು. "ನೆನಪ ಆಗಲಿಲ್ಲ, ಕಾಲಿಗೆ ಹಿಂಗಾಗೇತಿ ಅಂತ. ಎದ್ದೆ, ಬಂದೆ."

ನೀಲವ್ವ ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದರು. ನಾನೂ ಕಟ್ಟೆ ಹತ್ತಿ ಅತ್ತೆಯ ಪಕ್ಕದಲ್ಲಿ ಕೂತೆ.